ನಾನು ಅಳುವಾಗ ಕೌನ್ಸೆಲರ್ ಬರೆದುಕೊಳ್ಳುತ್ತಾರೆ, ಹೋಗುವುದು ಬಿಡಲಾ?

ಪ್ರಶ್ನೆ: ನಾಲ್ಕು ಸೆಷನ್ ಆಯಿತು. ನಾನು ಅತ್ತರೆ ಮೇಡಂ ತಲೆಯಾಡಿಸಿ ಏನೋ ಬರೆದುಕೊಳ್ಳುತ್ತಾರೆ, ಅಷ್ಟೇ. ಮನೆಗೆ ಬಂದ ಮೇಲೆ ಮನಸ್ಸು ಇನ್ನೂ ಭಾರ. ಎಲ್ಲರಿಗೂ ಹೀಗೇನಾ? ಬೇರೆಯವರ ಹತ್ತಿರ ಹೋಗಲಾ? ಅನುಭವ ಇದ್ದವರು ದಯವಿಟ್ಟು ಹೇಳಿ.

*

ಬಿಡುವ ಮುಂಚೆ ಒಂದು ಸಲ ಅವರಿಗೇ ಹೇಳಿ ನೋಡಿ. ನಾನು ಇದನ್ನು ತಡವಾಗಿ ಕಲಿತೆ.

ಅಪ್ಪ ತೀರಿಕೊಂಡ ವರ್ಷ ನಾನು ಮೊದಲು ಹೋದ ಕೌನ್ಸೆಲರ್ ತುಂಬಾ ಒಳ್ಳೆಯವರು. ಆದರೆ ನನ್ನ ಕಣ್ಣಲ್ಲಿ ನೀರು ಕಂಡ ಕೂಡಲೇ ಟಿಶ್ಯೂ ಮುಂದಿಟ್ಟು "ಎಲ್ಲಾ ಸರಿಹೋಗುತ್ತೆ, ಧೈರ್ಯ ತಂದುಕೊಳ್ಳಿ" ಅನ್ನುತ್ತಿದ್ದರು. ಅಳು ನಿಲ್ಲುತ್ತಿತ್ತು ನಿಜ, ಗಂಟಲು ಕಟ್ಟಿದ್ದು ಹಾಗೇ ಇರುತ್ತಿತ್ತು. ವೈಕುಂಠ ಸಮಾರಾಧನೆಗೆ ಬಂದ ನೆಂಟರೆಲ್ಲ ಅದನ್ನೇ ಹೇಳಿ ಹೋಗಿದ್ದರು. ಮೂರು ತಿಂಗಳಿಗೆ ಬಿಟ್ಟೆ. ಯಾಕೆ ಅಂತ ಅವರಿಗೆ ಹೇಳಲೇ ಇಲ್ಲ.

ಎರಡನೆಯವರ ಹತ್ತಿರ ಒಂದು ದಿನ, ಅಪ್ಪ ಕೊನೆಯ ಸಲ ಕರೆದಾಗ ನಾನು ಆಸ್ಪತ್ರೆಯ ಕಾರಿಡಾರಿನಲ್ಲಿ ಆಫೀಸಿನ ಫೋನಿನಲ್ಲಿದ್ದೆ ಅಂತ ಹೇಳಿಬಿಟ್ಟೆ. ಅವರು ಸುಮ್ಮನಿದ್ದರು, ನನ್ನನ್ನೇ ನೋಡುತ್ತಾ ಸುಮ್ಮನಿದ್ದರು. ಆಮೇಲೆ ಮೆಲ್ಲಗೆ "ನಿಮ್ಮ ಮೇಲೇ ನಿಮಗೆ ಕೋಪನಾ?" ಅಂತ ಕೇಳಿದರು. "ಕೋಪ ಅಲ್ಲ ಮೇಡಂ, ನಾಚಿಕೆ" ಅಂದೆ. ಆ ಪದ ನನ್ನ ಬಾಯಿಂದ ಬಂದಿದ್ದು ಅದೇ ಮೊದಲು. ಅವರ ಊಹೆ ತಪ್ಪಾಗಿತ್ತು, ಆದರೆ ಅವರು ಕೇಳಿದ ರೀತಿಗೇ ನನಗೆ ತಿದ್ದುವ ಧೈರ್ಯ ಬಂತು. ಆ ದಿನ ಮನೆಗೆ ಬಂದು ಸುಸ್ತಾಗಿ ಮಲಗಿಬಿಟ್ಟೆ. ಅದಕ್ಕೇ ಹೇಳಿದ್ದು, ಭಾರ ಆಗುವುದೇ ಕೆಟ್ಟದ್ದಲ್ಲ. ಒಳಗಿದ್ದದ್ದು ಹೊರಗೆ ಬಂದ ಸುಸ್ತಾ, ಹೇಳಿಯೂ ಒಂಟಿಯಾಗಿಯೇ ಉಳಿದೆ ಅನ್ನುವ ಭಾರನಾ, ಸ್ವಲ್ಪ ನೋಡಿಕೊಳ್ಳಿ.

ಮುಂದಿನ ಸಲ ಕೂತ ಕೂಡಲೇ "ನಾನು ಅಳುವಾಗ ನೀವು ಬರೆದರೆ ನನಗೆ ಹಿಂಸೆ ಆಗುತ್ತೆ" ಅನ್ನಿ. ಪೆನ್ನು ಕೆಳಗಿಟ್ಟು ಇನ್ನಷ್ಟು ಕೇಳಿದರೆ ಉಳಿಯಿರಿ. ತಪ್ಪು ನಿಮ್ಮದೇ ಅನ್ನುವ ಹಾಗೆ ಮಾತಾಡಿದರೆ ಖಂಡಿತ ಬಿಡಿ.

*

ಮೇಲಿನವರು ಹೇಳಿದ್ದು ಸರಿ. ನಾನು ಸೈಕಾಲಜಿ ಓದುತ್ತಿದ್ದೇನೆ. ಅಮೆರಿಕದ ಎಡ್ವರ್ಡ್ ಟ್ರಾನಿಕ್ 1970ರ ದಶಕದಲ್ಲಿ ಒಂದು ಪ್ರಯೋಗ ಮಾಡಿದರು. ಮಗುವಿನ ಜೊತೆ ಆಡುತ್ತಿದ್ದ ತಾಯಿ ಸ್ವಲ್ಪ ಹೊತ್ತು ಮುಖದಲ್ಲಿ ಏನೂ ತೋರಿಸದೆ ಕೂರಬೇಕು. ಮಗು ಮೊದಲು ನಗುತ್ತೆ, ಕೈ ಚಾಚುತ್ತೆ, ಆಮೇಲೆ ಮುಖ ತಿರುಗಿಸಿ ಅಳುತ್ತೆ. ದೊಡ್ಡವರಾದರೂ ನಾವು ಎದುರಿಗಿರುವವರ ಮುಖ ಓದುವುದನ್ನು ಬಿಟ್ಟಿರುವುದಿಲ್ಲ, ಅಲ್ವಾ? ಕೌನ್ಸೆಲರ್ ನೋಟ್ಸ್ ಇಟ್ಟುಕೊಳ್ಳಲೇಬೇಕು, ಆದರೆ ಸೆಷನ್ ಮುಗಿದ ಮೇಲೂ ಬರೆಯಬಹುದು. ಹಾಗೆ ಕೇಳಲು ಸಂಕೋಚ ಬೇಡ.

*

ನನ್ನದು ಭಾಷೆಯ ಕಥೆ. ಪುಣೆಯಲ್ಲಿ ಸೆಷನ್ ಎಲ್ಲಾ ಇಂಗ್ಲಿಷಿನಲ್ಲಿ. ಅಮ್ಮನ ಫೋನ್ ಬಂದರೆ ಸಂಕಟ ಆಗುತ್ತೆ ಅಂತ ಹೇಳಬೇಕಿತ್ತು, ಪದ ಸಿಗದೆ ಆಂಗ್ಸೈಟಿ ಅಂದೆ. ಅವರು ಉಸಿರಾಟದ ಅಭ್ಯಾಸ ಹೇಳಿಕೊಟ್ಟರು. ಈಗ ಆನ್‌ಲೈನಿನಲ್ಲಿ ಕನ್ನಡದವರೊಬ್ಬರು ಸಿಕ್ಕಿದ್ದಾರೆ. ಸಂಕಟ ಅಂದಾಗ "ಹೊಟ್ಟೆಯಲ್ಲಾ, ಎದೆಯಲ್ಲಾ?" ಅಂತ ಕೇಳಿದರು. ಅಷ್ಟಕ್ಕೇ ಅಳು ಬಂತು.

ಸೆಷನ್ ಆದ ರಾತ್ರಿ ತಡೆಯಲು ಆಗದಷ್ಟು ಜಾಸ್ತಿಯಾದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಅದು. ದುಡ್ಡು ಕೊಡಬೇಕಿಲ್ಲ, 24 ಗಂಟೆ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು.