ಕುರ್ರುಸ್ ಅಂದ್ರೆ ರಥ ತಾನೇ? ಆ್ಯಪ್ ಯಾಕೆ ತಪ್ಪು ಅಂತಿದೆ?

ರಾತ್ರಿಪಾಳಿ: ತಲೆ ಕೆಟ್ಟೋಗಿದೆ. ಲ್ಯಾಟಿನ್ ಆ್ಯಪಲ್ಲಿ ಕುರ್ರುಸ್‌ಗೆ ರಥ ಅಂತ ಹಾಕಿದ್ರೆ ಮೂರು ದಿನದಿಂದ ಕೆಂಪು ಗೀಟು. ನಿಘಂಟಲ್ಲೂ ರಥ ಅಂತಲೇ ಇದೆ. ಆ್ಯಪೇ ಕೆಟ್ಟಿದ್ಯಾ?

ಹಳೇಗಾಡಿ: ಕರ್ರುಸ್ ಇದ್ದದ್ದನ್ನ ಕುರ್ರುಸ್ ಅಂತ ಓದಿದೀರ. ಕರ್ರುಸ್ ಸಾಮಾನು ಹೇರೋ ಗಾಡಿ, ಈಗಿನ ಫ್ರಾನ್ಸ್ ಕಡೆ ಹಿಂದೆ ಇದ್ದ ಗಾಲ್ ಜನರ ಭಾಷೆಯಿಂದ ಬಂದ ಪದ. ಸೀಸರ್ ಹೆಲ್ವೇತಿಯರು ಅನ್ನೋ ಬುಡಕಟ್ಟಿನವರ ಗಾಡಿಗಳಿಗೆ ಅದನ್ನೇ ಬಳಸ್ತಾನೆ. ಇಂಗ್ಲಿಷಿನ ಕಾರ್ ಕೂಡ ಅದರದ್ದೇ ಸಂತಾನ.

ರಾತ್ರಿಪಾಳಿ: ಇಲ್ಲ ಸರ್, 'ಉ'ನೇ ಇದೆ.

ಹಳೇಗಾಡಿ: ಕನ್ನಡಕ ಹಾಕ್ಕೊಂಡು ಇನ್ನೊಂದ್ಸಲ ನೋಡಿ.

ಷಷ್ಠೀಪ್ರಿಯ: ಪೂರ್ತಿ ವಾಕ್ಯ ಹಾಕಿ ಮಾರಾಯ್ರೇ.

ಗರುಡವಾಹನ: ವೆಹಿಕುಲುಮ್ ಕಲೀರಿ, ನಪುಂಸಕಲಿಂಗ, ಸುಲಭ. ಅದರ 'ವೆಹ್', ನಮ್ಮ ವಾಹನದ 'ವಹ್' ಎರಡೂ ಒಂದೇ ಬೇರು.

ಹಳೇಗಾಡಿ: ಲ್ಯಾಟಿನ್ ಸಂಸ್ಕೃತದಿಂದ ಹುಟ್ಟಿತು ಅಂತ ಶುರು ಮಾಡ್ಬೇಡಿ.

ಗರುಡವಾಹನ: ಅಣ್ಣತಮ್ಮ ಅಂದೆ, ಅಪ್ಪಮಗ ಅನ್ಲಿಲ್ಲ.

ರಾತ್ರಿಪಾಳಿ: ವಾಕ್ಯ: ಎಕ್ವಿ ಕುರ್ರುಸ್ ತ್ರಹುಂತ್. ನಾನು ಬರೆದದ್ದು: ಕುದುರೆಗಳು ರಥ ಎಳೆಯುತ್ತವೆ. ಇದೇನು ಮಹಾ ಅಂತ ಹಾಕಿರ್ಲಿಲ್ಲ.

ಷಷ್ಠೀಪ್ರಿಯ: ಇದನ್ನ ಮೊದಲೇ ಹಾಕ್ಬಾರ್ದಿತ್ತಾ! ಕುರ್ರುಸ್ ನಾಲ್ಕನೇ ಗಣದ (ಒಂದೇ ಥರ ವಿಭಕ್ತಿ ಹತ್ತೋ ನಾಮಪದಗಳ ಗುಂಪು) ಪುಲ್ಲಿಂಗ. ಒಂದೇ ರಥ ಎಳೆದಿದ್ರೆ ಕುರ್ರುಮ್ ಇರ್ಬೇಕಿತ್ತು. ಕರ್ತೃ ಆಗಲೇ ಎಕ್ವೀ, ಕುದುರೆಗಳು. ಹಾಗಾಗಿ ಇಲ್ಲಿರೋದು ದೀರ್ಘದ ಕುರ್ರೂಸ್, ಅಂದ್ರೆ ರಥಗಳನ್ನು. ಪ್ರಥಮಾ ಬಹುವಚನ, ಷಷ್ಠಿ ಏಕವಚನ ಕೂಡ ಇದೇ ರೂಪ. ರೋಮನ್ ಲಿಪೀಲಿ ಅಕ್ಷರದ ಮೇಲೆ ಗೀಟು ಹಾಕದಿದ್ರೆ ಹ್ರಸ್ವ ದೀರ್ಘ ಕಾಣಲ್ಲ. ಕನ್ನಡದಲ್ಲಿ ಬರ್ಕೊಳ್ಳಿ, ಕೊಂಬು ಹಾಕೋವಾಗಲೇ ಯಾವುದು ಅಂತ ತೀರ್ಮಾನ ಮಾಡ್ಬೇಕಾಗುತ್ತೆ.

ರಾತ್ರಿಪಾಳಿ: ಆದ್ರೆ ಹತ್ತು ರಥ ಇದ್ರೂ ನಾವು 'ರಥ ಎಳೆದ್ರು' ಅಂತೀವಲ್ಲ?

ಷಷ್ಠೀಪ್ರಿಯ: ನಿಮ್ಮ ಕನ್ನಡ ಸರಿ. ಆ್ಯಪಿಗೆ 'ಗಳನ್ನು' ಬೇಕು.

ರಾತ್ರಿಪಾಳಿ: ಹಾಕಿದೆ. ಹಸಿರು ಬಂತು!!

ಹಳೇಗಾಡಿ: ಕರ್ರುಸ್ ಆಗಿದ್ರೆ ಕರ್ರೋಸ್ ಅಂತಾಗ್ತಿತ್ತು, ಈ ರಗಳೆನೇ ಇರ್ತಿರ್ಲಿಲ್ಲ. ನಾನು ಮೊದಲಿಂದ ಹೇಳ್ತಿರೋದೂ ಅದೇ.

ಕೊನೇಸೀಟು: ಚತುರ್ಥಿ ಬಹುವಚನ ಕುರ್ರಿಬುಸ್. ನಮ್ಮ ಬಸ್ಸೂ ಆ ಬಾಲವೇ. ಬಸ್ ಬಂದದ್ದು ಓಮ್ನಿಬುಸ್‌ನಿಂದ, ಅಂದ್ರೆ 'ಎಲ್ಲರಿಗಾಗಿ'. ಎಲ್ಲರನ್ನೂ ಇಳಿಸಿ ಬರೀ ಪ್ರತ್ಯಯದಲ್ಲಿ ಓಡಾಡ್ತಿದೀವಿ. ಅಂದಹಾಗೆ ನನ್ನ ಹತ್ರ ಲೂಯಿಸ್-ಶಾರ್ಟ್ ಅವರ 1879ರ ಲ್ಯಾಟಿನ್ ನಿಘಂಟಿನ ಮರುಮುದ್ರಣ ಇದೆ, ಅರ್ಧ ಮೇಜು ಅದಕ್ಕೇ. ಪಕ್ಕದಲ್ಲಿ 2 ಮಾನಿಟರ್.

ಗರುಡವಾಹನ: ಫೋಟೋ ಹಾಕಿ ಗುರು.

ಹಳೇಗಾಡಿ: ಅದರಲ್ಲಿ ಕರ್ರುಸ್ ಪುಟದ್ದೂ ಒಂದು ಹಾಕಿ.