1969ರ ಬೀಟಲ್: ಎಂಜಿನ್ ಇಳಿಸದೆ ಸ್ಟಾರ್ಟರ್ ಮೋಟಾರ್ ಬದಲಿಸಲು ಸಾಧ್ಯವೇ?

ಪ್ರಶ್ನೆ – ಮೈಸೂರಿನಿಂದ

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 1969ರ ಫೋಕ್ಸ್‌ವ್ಯಾಗನ್ ಬೀಟಲ್ ಇದೆ. 1500 ಸಿಸಿ ಎಂಜಿನ್, 12 ವೋಲ್ಟ್ ವ್ಯವಸ್ಥೆ. ಬೆಳಿಗ್ಗೆ ಶೆಡ್ಡಿನಿಂದ ತೆಗೆಯುವಾಗ ಮೊದಲ ಸೆಲ್ಫಿಗೇ ಚಾಲೂ ಆಗುವ ಗಾಡಿ, ಶ್ರೀರಂಗಪಟ್ಟಣದವರೆಗೆ ಹೋಗಿ ಬಂದು ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ಮತ್ತೆ ಕೀ ತಿರುಗಿಸಿದರೆ ‘ಟಕ್’ ಎಂಬ ಒಂದೇ ಸದ್ದು ಮಾಡಿ ಸುಮ್ಮನಾಗುತ್ತದೆ. ಅರ್ಧ ಗಂಟೆ ತಣಿಯಲು ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಹೊರಡುತ್ತದೆ. ಬ್ಯಾಟರಿ ಹೊಸದು.

ನಮ್ಮ ಮೆಕ್ಯಾನಿಕ್ ಸ್ಟಾರ್ಟರ್ ಹೋಗಿದೆ ಎನ್ನುತ್ತಾರೆ. ಆದರೆ ಅದರ ಮೇಲಿನ ಬೋಲ್ಟಿಗೆ ಕೈಯೇ ಹೋಗುವುದಿಲ್ಲ, ಸ್ಪ್ಯಾನರ್ ಹಾಕಿದರೂ ನಟ್ಟಿನ ಜೊತೆಗೆ ಬೋಲ್ಟ್ ಕೂಡ ಸುತ್ತುತ್ತದೆ, ಆದ್ದರಿಂದ ಎಂಜಿನ್ ಇಳಿಸಲೇಬೇಕು ಎಂಬುದು ಅವರ ಮಾತು. ಇಷ್ಟು ಸಣ್ಣ ಭಾಗಕ್ಕಾಗಿ ಎಂಜಿನ್ ಇಳಿಸುವುದು ನಿಜವಾಗಿಯೂ ಅನಿವಾರ್ಯವೇ? ಈ ಕೆಲಸವನ್ನು ಸ್ವತಃ ಮಾಡಿದವರು ದಯವಿಟ್ಟು ತಿಳಿಸಬೇಕು.

ಉತ್ತರ 1 – ಬೆಂಗಳೂರಿನಿಂದ

ಎಂಜಿನ್ ಇಳಿಸುವ ಮಾತು ಹಾಗಿರಲಿ, ಸ್ಟಾರ್ಟರ್ ಕೆಟ್ಟಿದೆ ಎಂಬುದೇ ಇನ್ನೂ ಸಿದ್ಧವಾಗಿಲ್ಲ. ಈ ಕಾರಿನಲ್ಲಿ ಬ್ಯಾಟರಿ ಹಿಂದಿನ ಸೀಟಿನ ಕೆಳಗಿದೆ, ಸ್ಟಾರ್ಟರ್ ಅದಕ್ಕಿಂತ ಹಿಂದೆ ಗೇರ್‌ಬಾಕ್ಸಿನ ಬಲಬದಿಗಿದೆ. ಆದರೆ ಸೊಲೆನಾಯ್ಡಿಗೆ (ಸ್ಟಾರ್ಟರಿಗೆ ಕರೆಂಟು ಹಾಯಿಸುವ, ಅದರ ಮೇಲೆಯೇ ಇರುವ ವಿದ್ಯುತ್ಕಾಂತದ ಸ್ವಿಚ್ಚು) ಆಜ್ಞೆ ಕೊಡುವ ಕರೆಂಟು ಹಿಂದಿನಿಂದ ಇಗ್ನಿಷನ್ ಸ್ವಿಚ್ಚಿನವರೆಗೆ ಮುಂದೆ ಹೋಗಿ, ಅಲ್ಲಿಂದ ಮತ್ತೆ ಅಷ್ಟೇ ದೂರ ಹಿಂದಕ್ಕೆ ಬಂದು 50 ಎಂದು ಗುರುತಿರುವ ಟರ್ಮಿನಲ್ಲಿಗೆ ಸೇರುತ್ತದೆ. ಐವತ್ತು ವರ್ಷ ಹಳೆಯ ತಂತಿ, ಕಿಲುಬು ಹಿಡಿದ ಜೋಡಣೆಗಳು ಮತ್ತು ಸವೆದ ಸ್ವಿಚ್ಚು ಸೇರಿ ದಾರಿಯಲ್ಲೇ ವೋಲ್ಟೇಜನ್ನು ತಿಂದುಹಾಕುತ್ತವೆ. ಬಿಸಿಯಾದಾಗ ಸೊಲೆನಾಯ್ಡ್ ಸುರುಳಿಯ ಪ್ರತಿರೋಧವೂ ಏರುವುದರಿಂದ, ತಣ್ಣಗಿರುವಾಗ ಹೇಗೋ ಸಾಲುತ್ತಿದ್ದ ಕರೆಂಟು ಆಗ ಸಾಲದೆ ಬರುತ್ತದೆ.

ಗಾಡಿ ಬಿಸಿಯಾಗಿ ಕೈಕೊಟ್ಟ ಹೊತ್ತಿನಲ್ಲೇ, ಒಬ್ಬರು ಕೀ ತಿರುಗಿಸಿ ಹಿಡಿದಿರುವಾಗ, 50ರ ಮೇಲೆ ಮೀಟರ್ ಇಟ್ಟು ನೋಡಿ. ಅಲ್ಲಿ ಎಂಟು ವೋಲ್ಟಿಗಿಂತ ಕಡಿಮೆ ತೋರಿಸಿ, ಬ್ಯಾಟರಿಯ ಮೇಲೆ ಹನ್ನೆರಡರ ಆಸುಪಾಸು ಇದ್ದರೆ ದೋಷ ತಂತಿಯಲ್ಲಿದೆ. ಹಾಗಿದ್ದಲ್ಲಿ ಸೀಟಿನ ಕೆಳಗೆ ಒಂದು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್ಚು) ಕೂರಿಸಿ, ಹಳೆಯ ತಂತಿ ರಿಲೇಯನ್ನು ಮಾತ್ರ ಎಳೆಯುವಂತೆಯೂ ಸೊಲೆನಾಯ್ಡಿಗೆ ಕರೆಂಟು ಬ್ಯಾಟರಿಯಿಂದ ನೇರವಾಗಿ ಹೋಗುವಂತೆಯೂ ಮಾಡಿದರೆ ಸಾಕು. ಗೇರ್‌ಬಾಕ್ಸಿನ ಮೂತಿಯಿಂದ ಬಾಡಿಗೆ ಹೋಗುವ ಹೆಣೆದ ಅರ್ತ್ ಪಟ್ಟಿಯನ್ನೂ ಬಿಚ್ಚಿ ಉಜ್ಜಿ ಹಾಕಿ. ಎಂಜಿನ್ ರಬ್ಬರಿನ ಮೇಲೆ ಕುಳಿತಿರುವುದರಿಂದ ಅರ್ತಿಗೆ ಮುಖ್ಯ ದಾರಿ ಅದೇ.

ಉತ್ತರ 2 – ಹುಬ್ಬಳ್ಳಿಯಿಂದ

ಮೇಲಿನವರು ಹೇಳಿದ ಪರೀಕ್ಷೆಯನ್ನು ಮೊದಲು ಮಾಡಿ. ಬಿಚ್ಚುವುದೇ ಆದರೆ ಎಂಜಿನ್ ಇಳಿಸುವ ಅಗತ್ಯವಿಲ್ಲ. ನಾನು ಮೂರು ಬೀಟಲ್‌ಗಳಲ್ಲಿ ಈ ಕೆಲಸ ಮಾಡಿದ್ದೇನೆ.

ಸ್ಟಾರ್ಟರನ್ನು ಹಿಡಿದಿರುವುದು ಎರಡೇ. ಕೆಳಗಿನದು ಸ್ಟಡ್ಡು ಮತ್ತು ನಟ್ಟು, ಗಾಡಿಯ ಕೆಳಗಿನಿಂದ ಸುಲಭವಾಗಿ ಸಿಗುತ್ತದೆ. ಮೇಲಿನ ಬೋಲ್ಟ್ ಸ್ಟಾರ್ಟರನ್ನು ಮಾತ್ರವಲ್ಲದೆ, ಎಂಜಿನ್ನನ್ನು ಗೇರ್‌ಬಾಕ್ಸಿಗೆ ಸೇರಿಸುವ ನಾಲ್ಕರಲ್ಲಿ ಒಂದೂ ಹೌದು, ಹೀಗಾಗಿ ಅದರ ನಟ್ಟು ಎಂಜಿನ್ ಬದಿಯಲ್ಲಿ, ಫ್ಯಾನಿನ ತಗಡು ಕವಚದ ಹಿಂದೆ ಅಡಗಿದೆ. ಏರ್ ಕ್ಲೀನರ್ ಮತ್ತು ಬಲಗಡೆಯ ಹೀಟರ್ ಗಾಳಿಯ ಪೈಪು ತೆಗೆದರೆ ಕವಚದ ಪಕ್ಕದಿಂದ ಕೈ ಒಳಗೆ ಹೋಗುತ್ತದೆ. ನಟ್ಟು ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಮಾತ್ರ ಸಿಗುತ್ತದೆ. 17 ನಂಬರಿನ ರಿಂಗ್ ಸ್ಪ್ಯಾನರನ್ನು ತಡವಿ ತಡವಿ ಕೂರಿಸಬೇಕು. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಟ್ಟಿದ್ದರೆ ಮರುದಿನ ಬಯ್ಗುಳ ಕಡಿಮೆ.

ಈಗ ಬೋಲ್ಟ್ ಸುತ್ತುವ ವಿಚಾರ. ಮೂಲ ಬೋಲ್ಟಿನ ತಲೆ ಒಂದು ಬದಿಗೆ ಚಪ್ಪಟೆಯಾಗಿ ಕತ್ತರಿಸಿದಂತಿದ್ದು, ಆ ಚಪ್ಪಟೆ ಭಾಗ ಸ್ಟಾರ್ಟರಿನ ಮೈಗೆ ಒತ್ತಿ ನಿಲ್ಲುವುದರಿಂದ ಒಬ್ಬರೇ ಮೇಲಿನಿಂದ ಬಿಚ್ಚಬಹುದು. ನಿಮ್ಮದು ಸುತ್ತುತ್ತಿದೆ ಎಂದರೆ ಹಿಂದೆ ಯಾರೋ ಸಾಮಾನ್ಯ ಷಟ್ಕೋನ ಬೋಲ್ಟ್ ಹಾಕಿದ್ದಾರೆ. ಒಬ್ಬರು ಗಾಡಿಯ ಕೆಳಗೆ ಮಲಗಿ ತಲೆಯನ್ನು ಹಿಡಿದುಕೊಳ್ಳಲಿ, ಇನ್ನೊಬ್ಬರು ಮೇಲಿನಿಂದ ನಟ್ಟು ತಿರುಗಿಸಲಿ. ಉಳಿದ ಮೂರು ಎಂಜಿನ್ನನ್ನು ಹಿಡಿದಿರುತ್ತವೆ, ಅವುಗಳನ್ನು ಮುಟ್ಟಬೇಡಿ.

ಆರಂಭದಲ್ಲೇ ಬ್ಯಾಟರಿಯ ನೆಗೆಟಿವ್ ತೆಗೆಯಿರಿ, ಏಕೆಂದರೆ ಬ್ಯಾಟರಿಯಿಂದ ಸ್ಟಾರ್ಟರಿನ 30ನೇ ಟರ್ಮಿನಲ್ಲಿಗೆ ಬರುವ ದಪ್ಪ ಕೇಬಲ್ಲಿಗೆ ಫ್ಯೂಸೂ ಇಲ್ಲ, ಸ್ವಿಚ್ಚೂ ಇಲ್ಲ. ಬಲಗಡೆಯ ಹಿಂಚಕ್ರ ಬಿಚ್ಚಿ ಗಾಡಿಯನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ. ಬರೀ ಜಾಕನ್ನಾಗಲಿ ಇಟ್ಟಿಗೆಯನ್ನಾಗಲಿ ನಂಬಿ ಕೆಳಗೆ ಹೋಗಬೇಡಿ.

ಎಲ್ಲಕ್ಕಿಂತ ಮುಖ್ಯವಾದ ಮತ್ತು ಹೆಚ್ಚಿನವರು ಮರೆಯುವ ಸಂಗತಿ ಬುಷ್. ಈ ಸ್ಟಾರ್ಟರಿನ ಶಾಫ್ಟಿನ ತುದಿಗೆ ಮೋಟಾರಿನಲ್ಲಿ ಆಧಾರವಿಲ್ಲ. ಅದು ಗೇರ್‌ಬಾಕ್ಸಿನ ಬೆಲ್ ಹೌಸಿಂಗಿನಲ್ಲಿರುವ (ಎಂಜಿನ್ ಬಂದು ಸೇರುವ ಗಂಟೆಯಾಕಾರದ ಭಾಗ) ಚಿಕ್ಕ ಕಂಚಿನ ಬುಷ್ಷಿನೊಳಗೆ ತಿರುಗುತ್ತದೆ. ಬುಷ್ ಸವೆದರೆ ಶಾಫ್ಟು ವಾಲಿ, ಆರ್ಮೇಚರ್ (ಮೋಟಾರಿನ ತಿರುಗುವ ಭಾಗ) ಒಳಗೆ ಉಜ್ಜಿ, ಹೊಸ ಮೋಟಾರೂ ನರಳತೊಡಗುತ್ತದೆ. ಬುಷ್ಷಿನೊಳಗೆ ಟ್ಯಾಪ್ (ಮರೆ ಕೊರೆಯುವ ಉಪಕರಣ) ಹಾಕಿ ಸ್ಕ್ರೂವಿನಂಥ ಮರೆ ಕೊರೆದು ಎಳೆದರೆ ಅದು ಹೊರಗೆ ಬರುತ್ತದೆ. ಹೊಸದನ್ನು ಒಂದು ರಾತ್ರಿ ಎಂಜಿನ್ ಆಯಿಲಿನಲ್ಲಿ ನೆನೆಸಿ ಕೂರಿಸಿ. 6 ವೋಲ್ಟಿನ ಮತ್ತು 12 ವೋಲ್ಟಿನ ಸ್ಟಾರ್ಟರುಗಳ ಶಾಫ್ಟಿನ ದಪ್ಪ ಬೇರೆ ಬೇರೆ. ನಮ್ಮಲ್ಲಿ ಗೇರ್‌ಬಾಕ್ಸುಗಳು ಗಾಡಿಯಿಂದ ಗಾಡಿಗೆ ಬದಲಾಗಿರುವುದುಂಟು, ಆದ್ದರಿಂದ ಶಾಫ್ಟನ್ನು ಬುಷ್ಷಿನೊಳಗೆ ಕೈಯಿಂದ ತೂರಿಸಿ ನೋಡಿದ ಮೇಲೆಯೇ ಮೋಟಾರ್ ಏರಿಸಿ. ಸ್ಟಾರ್ಟರ್ ಕೂರುವ ರಂಧ್ರದಿಂದ ಫ್ಲೈವೀಲಿನ (ಸ್ಟಾರ್ಟರ್ ತಿರುಗಿಸುವ, ಎಂಜಿನ್ನಿನ ಹಲ್ಲಿನ ಚಕ್ರ) ಹಲ್ಲುಗಳನ್ನೂ ನೋಡಿ: 12 ವೋಲ್ಟಿನದಕ್ಕೆ 130 ಹಲ್ಲು, ಹಳೆಯ 6 ವೋಲ್ಟಿನದಕ್ಕೆ 109. ನಟ್ಟುಗಳ ಬಿಗಿ 30 ನ್ಯೂಟನ್ ಮೀಟರ್.

ಉತ್ತರ 3 – ಜರ್ಮನಿಯಿಂದ

ಹುಬ್ಬಳ್ಳಿಯವರ ವಿವರಣೆಗೆ ನನ್ನ ಒಪ್ಪಿಗೆಯಿದೆ, ಆದರೂ ಮೆಕ್ಯಾನಿಕ್ ಪರವಾಗಿ ಒಂದು ಮಾತು. ಬೀಟಲಿನ ಎಂಜಿನ್ ಇಳಿಸುವುದು ಬೇರೆ ಕಾರುಗಳಷ್ಟು ದೊಡ್ಡ ಕೆಲಸವಲ್ಲ. ಕ್ಲಚ್ ಪ್ಲೇಟ್ ಕೂಡ ಮುಗಿಯುತ್ತ ಬಂದಿದ್ದರೆ ಅವರ ಸಲಹೆ ತಪ್ಪೇನಲ್ಲ. ಇನ್ನು ಬುಷ್ಷಿನ ಗೊಡವೆಯೇ ಬೇಡವೆಂದರೆ, ಶಾಫ್ಟಿಗೆ ತನ್ನದೇ ಮೂತಿಯ ಆಧಾರವಿರುವ ಗೇರ್ ರಿಡಕ್ಷನ್ (ಒಳಗೆ ವೇಗ ತಗ್ಗಿಸುವ ಗೇರ್ ಇರುವ) ಸ್ಟಾರ್ಟರುಗಳು ಸಿಗುತ್ತವೆ. ನನ್ನ ಮಟ್ಟಿಗೆ ಹಳೆಯ ಬಾಷ್ ಮೋಟಾರಿಗೆ ಕಾರ್ಬನ್ ಬ್ರಷ್ (ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ತುಂಡುಗಳು) ಬದಲಿಸಿ ಉಳಿಸಿಕೊಳ್ಳುವುದೇ ಚೆಂದ.

ಪ್ರಶ್ನೆ ಕೇಳಿದವರಿಂದ – ಎರಡು ವಾರಗಳ ನಂತರ

ಎಲ್ಲರಿಗೂ ಕೃತಜ್ಞತೆಗಳು. ಬಿಸಿಯಾದಾಗ 50ರ ಮೇಲೆ 7.4 ವೋಲ್ಟ್ ಮಾತ್ರ ಬಂತು. ರಿಲೇ ಹಾಕಿಸಿದ ಮೇಲೆ ‘ಟಕ್’ ಸದ್ದು ಹೋಯಿತು, ಆದರೆ ಮೋಟಾರ್ ನರಳುತ್ತಲೇ ಇದ್ದುದರಿಂದ ಭಾನುವಾರ ಅಳಿಯನನ್ನು ಕೆಳಗೆ ಮಲಗಿಸಿ ಬಿಚ್ಚಿಯೇಬಿಟ್ಟೆವು. ಬೋಲ್ಟಿನ ತಲೆ ಹುಬ್ಬಳ್ಳಿಯವರು ಊಹಿಸಿದಂತೆ ಷಟ್ಕೋನದ್ದೇ ಆಗಿತ್ತು. ಬುಷ್ ಮೊಟ್ಟೆಯಾಕಾರಕ್ಕೆ ಸವೆದಿತ್ತು. ಟ್ಯಾಪ್ ಹಾಕಿ ಎಳೆಯುವುದಕ್ಕೇ ಒಂದೂವರೆ ಗಂಟೆ ಹಿಡಿಯಿತು, ಉಳಿದದ್ದೆಲ್ಲ ಅದಕ್ಕಿಂತ ಸುಲಭ. ಮೋಟಾರ್ ಹಳೆಯದೇ, ಬ್ರಷ್ ಮಾತ್ರ ಹೊಸವು. ನಿನ್ನೆ ನಂಜನಗೂಡಿಗೆ ಹೋಗಿ ಬರುವಾಗ ನಾಲ್ಕು ಬಾರಿ ನಿಲ್ಲಿಸಿ ನೋಡಿದೆ. ನಾಲ್ಕು ಬಾರಿಯೂ ಒಂದೇ ಸೆಲ್ಫಿಗೆ ಎದ್ದಿತು. ಚಪ್ಪಟೆ ತಲೆಯ ಬೋಲ್ಟ್ ಇಲ್ಲಿ ಸಿಗಲಿಲ್ಲ, ಯಾರ ಬಳಿಯಾದರೂ ಹೆಚ್ಚಿಗೆ ಇದ್ದರೆ ತಿಳಿಸಿ.