ಕೇಟ್ ಕ್ಯಾನ್ಸರ್, ಲಕ್ಷ್ಮಣ ಫಲ, ದಾವಣಗೆರೆಯ ಜ್ವರ: ಡಾಕ್ಟರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಸಂಕ್ರಾಂತಿ ದಿನ, 2025 ಜನವರಿ 14ಕ್ಕೆ, ಬ್ರಿಟನ್ ಯುವರಾಣಿ ಕೇಟ್ ಲಂಡನ್ನಿನ ರಾಯಲ್ ಮಾರ್ಸ್‌ಡೆನ್ ಆಸ್ಪತ್ರೆಗೆ ಹೋಗಿ, ತನ್ನ ಕ್ಯಾನ್ಸರ್ ಈಗ ರೆಮಿಷನ್‌ನಲ್ಲಿದೆ ಅಂತ ತಿಳಿಸಿದ ಮೇಲೆ ಗುಂಪಿನಲ್ಲಿ ಅದೇ ಮಾತು. ಹಾಗಾಗಿ ಬೆಂಗಳೂರಿನ ನಮ್ಮ ಡಾಕ್ಟರ್ ಮೇಡಂ (ಮೆಡಿಕಲ್ ಆಂಕಾಲಜಿಸ್ಟ್, ಅಂದ್ರೆ ಕ್ಯಾನ್ಸರ್ ತಜ್ಞೆ) ಇವತ್ತು ಸಂಜೆ ಸಿಗ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಹಾಕಬೇಡಿ.

ಮಲ್ಲೇಶ್ವರಂ ಅತ್ತೆ: ಮೇಡಂ, ಕೇಟ್‌ಗೆ ಯಾವ ಕ್ಯಾನ್ಸರ್? ಹೊಟ್ಟೆ ಆಪರೇಷನ್ ಅಂದ್ಮೇಲೆ ಗರ್ಭಕೋಶದ್ದೇ ಇರಬೇಕಲ್ವಾ?

ಡಾಕ್ಟರ್: ಅವರು ಹೇಳಿಲ್ಲ. ಹೊಟ್ಟೆಯೊಳಗೆ ಗರ್ಭಕೋಶ ಒಂದೇ ಇರೋದಲ್ಲ. ಇಲ್ಲಿ ಕೂತು ನಾನು ಹೇಳಿದರೆ ಅದು ಕಣಿ ಆಗುತ್ತೆ.

ಹಾಸನ ಟೀಚರ್: ರೆಮಿಷನ್ ಅಂದ್ರೆ ಪೂರ್ತಿ ವಾಸಿ ಅಂತಲೇ?

ಡಾಕ್ಟರ್: ತಪಾಸಣೆಯಲ್ಲಿ ರೋಗ ಕಾಣ್ತಿಲ್ಲ, ಇಲ್ಲವೇ ತುಂಬಾ ತಗ್ಗಿದೆ ಅಂತ. ವರ್ಷಗಟ್ಟಲೆ ಫಾಲೋಅಪ್ ಇದ್ದೇ ಇರುತ್ತೆ.

ಬೆಳಗಾವಿ ಹುಡುಗ: ಮೇಡಮ್ಮರ, ಆಕಿ ಕೂದಲಾ ಹಂಗ ಅದಾವಲ್ರಿ. ಕೀಮೋ ತಗೊಂಡಾಳ ಅಂದ್ರ ನಂಬೂದ್ ಹೆಂಗ್ರಿ? ಮೊದಲ ಫೋಟೋ ಎಡಿಟ್ ಮಾಡಿ ಸಿಕ್ಕೊಂಡಾರ.

ರೀಡಿಂಗ್ ರಾಯರು: ಇಲ್ಲೇ ಇಂಗ್ಲೆಂಡಿನಲ್ಲಿದ್ದು ನೋಡಿದವನು ನಾನು. 2024ರ ಜನವರಿ 16ಕ್ಕೆ ಹೊಟ್ಟೆ ಆಪರೇಷನ್‌ಗೆ ಲಂಡನ್ ಕ್ಲಿನಿಕ್ ಆಸ್ಪತ್ರೆಗೆ ಸೇರಿದರು. ಈಸ್ಟರ್ ತನಕ ಕಾಣಿಸ್ಕೊಳ್ಳಲ್ಲ ಅಂತ ಅರಮನೆ ಮೊದಲೇ ಹೇಳಿತ್ತು, ಜನಕ್ಕೆ ತಡೀಲಿಲ್ಲ. ಮಾರ್ಚ್ 10ಕ್ಕೆ ಅರಮನೆ ಬಿಟ್ಟ ಆ ಫೋಟೋದಲ್ಲಿ ಮಗಳು ಶಾರ್ಲೆಟ್‌ಳ ತೋಳಿನ ಅಂಚು ಒಂದಕ್ಕೊಂದು ಕೂಡ್ತಿರಲಿಲ್ಲ, ಎಪಿ, ರಾಯ್ಟರ್ಸ್ ಥರದ ಸುದ್ದಿಸಂಸ್ಥೆಗಳು ಅದನ್ನ ವಾಪಸ್ ತಗೊಂಡ್ವು. ಮರುದಿನ ಆಕೆಯೇ ಕ್ಷಮೆ ಕೇಳಿದರು. ಆದರೂ ಕೋಮಾ ಅಂದ್ರು, ಡೈವೋರ್ಸ್ ಅಂದ್ರು, ವಿಂಡ್ಸರ್‌ನ ಫಾರ್ಮ್ ಶಾಪ್‌ನಲ್ಲಿ ಕಂಡವಳು ಡೂಪ್ ಅಂದ್ರು. ಮಾರ್ಚ್ 22ಕ್ಕೆ ವಿಡಿಯೋದಲ್ಲಿ ಬೆಂಚ್ ಮೇಲೆ ಕೂತು ಕ್ಯಾನ್ಸರ್ ಅಂತ ಹೇಳಿದ ಮೇಲೆ ಎಲ್ಲರೂ ಗಪ್‌ಚಿಪ್.

ಬೆಳಗಾವಿ ಹುಡುಗ: ಮಂದಿ ತೆರಿಗಿ ರೊಕ್ಕದಾಗ ಇರೋರು ಲೆಕ್ಕಾ ಕೊಡಬೇಕಲ್ರಿ ಮತ್ತ.

ರೀಡಿಂಗ್ ರಾಯರು: ತೆರಿಗೆ ಕಟ್ಟೋನು ನಾನು, ಲೆಕ್ಕ ಕೇಳೋನು ನೀನಾ?

ಡಾಕ್ಟರ್: ಎಲ್ಲ ಕೀಮೋಗೂ ಕೂದಲು ಉದುರಲ್ಲ. ಕೆಲವು ಔಷಧಿಗಳಲ್ಲಿ ಸ್ವಲ್ಪ ತೆಳುವಾಗುತ್ತೆ, ಅಷ್ಟೇ. ಇದನ್ನೇ ಹಿಡ್ಕೊಂಡು ‘ಹಾಗಾದ್ರೆ ಇಂಥದೇ ಕ್ಯಾನ್ಸರ್’ ಅಂತ ಹೊರಡಬೇಡಿ.

ತುಮಕೂರು ವೀಕ್ಷಕ: ನಮ್ಮ ಯಜಮಾನರಿಗೆ ಪಿಎಸ್‌ಎ (ಪ್ರಾಸ್ಟೇಟ್ ಗ್ರಂಥಿಯ ರಕ್ತ ಪರೀಕ್ಷೆ) 6.2 ಬಂದಿದೆ. ಬಯಾಪ್ಸಿ ಬೇಕೇ ಬೇಕಾ?

ದಾವಣಗೆರೆ ಮಗಳು: ಮೇಡಂ, ಅಮ್ಮಂಗೆ 58 ವರ್ಷ. ದೊಡ್ಡ ಕರುಳಿನ ಆಪರೇಷನ್ ಆಗಿದೆ. ಪೂರ್ತಿ ತೆಗೆದಿದ್ದೀನಿ ಅಂತ ಸರ್ಜನ್ ಹೇಳಿದ್ರು. ರಿಪೋರ್ಟ್‌ನಲ್ಲಿ 14 ದುಗ್ಧಗ್ರಂಥಿಯಲ್ಲಿ (ಲಿಂಫ್ ನೋಡ್) 2 ಪಾಸಿಟಿವ್. ಮೂರು ವಾರಕ್ಕೊಂದು ಕೀಮೋ ಅಂತ ಮೊದಲನೇದು ಕೊಟ್ಟು ಹತ್ತು ದಿನ ಆಯ್ತು. ಈಗ ಸೋದರತ್ತೆ, ‘ಆ ಯುವರಾಣೀದೂ ಬರೀ ಮುನ್ನೆಚ್ಚರಿಕೆ ಕೀಮೋ ಅಂತೆ, ದುಡ್ಡಿರೋರು ತಗೊಂತಾರೆ, ನಿಂಗ್ಯಾಕೆ’ ಅಂತ ಅಮ್ಮನ ತಲೆ ಕೆಡಿಸಿದ್ದಾರೆ. ಅಮ್ಮ ಎರಡನೇದು ಬೇಡ ಅಂತಿದ್ದಾರೆ. ಲಕ್ಷ್ಮಣ ಫಲದ ಎಲೆ ಕಷಾಯ ಶುರು ಮಾಡಿದ್ದಾರೆ.

ಡಾಕ್ಟರ್: ಇದಕ್ಕೆ ಬಿಡಿಸಿ ಹೇಳ್ತೀನಿ. ಸರ್ಜನ್ ಹೇಳಿದ್ದು ಸುಳ್ಳಲ್ಲ. ಕಣ್ಣಿಗೆ ಕಂಡ ಗೆಡ್ಡೆ, ಅದರ ಆಚೀಚೆಯ ಕರುಳು, ಗ್ರಂಥಿಗಳು ಎಲ್ಲ ಹೋಗಿವೆ. ಆದರೆ ಎರಡು ಗ್ರಂಥಿಯಲ್ಲಿ ಸಿಕ್ಕಿದೆ ಅಂದ್ರೆ ಕ್ಯಾನ್ಸರ್ ಕೋಶಗಳು ಗೆಡ್ಡೆ ಬಿಟ್ಟು ಹೊರಟಿದ್ದವು ಅಂತಾಯ್ತು. ಲಿವರ್‌ನಲ್ಲೋ ಶ್ವಾಸಕೋಶದಲ್ಲೋ ಒಂದಷ್ಟು ಹೋಗಿ ಕೂತಿರಬಹುದು, ಸಿ.ಟಿ.ಯಲ್ಲಿ ಕಾಣುವಷ್ಟು ದೊಡ್ಡದಿರಲ್ಲ. ಈ ಕೀಮೋ ಅವುಗಳಿಗೆ. ಕಾಣುವಷ್ಟು ಬೆಳೆದ ಮೇಲೆ ಪೂರ್ತಿ ವಾಸಿ ಮಾಡೋ ಅವಕಾಶ ತುಂಬಾ ಕಡಿಮೆ. ಕೇಟ್‌ಗೂ ಆಪರೇಷನ್ ಹೊತ್ತಿಗೆ ಕ್ಯಾನ್ಸರ್ ಅಲ್ಲ ಅಂತಲೇ ಅಂದ್ಕೊಂಡಿದ್ದದ್ದು. ಆಮೇಲಿನ ಪರೀಕ್ಷೆಯಲ್ಲಿ ಇತ್ತು ಅಂತ ಗೊತ್ತಾಗಿ, ಫೆಬ್ರವರಿ ಕೊನೇಲಿ ಕೀಮೋ ಶುರುವಾಗಿ, ಮುಗೀತು ಅಂತ ಅವರು ಹೇಳಿದ್ದು ಸೆಪ್ಟೆಂಬರ್ 9ಕ್ಕೆ. ಮೂರು ಮಕ್ಕಳ ತಾಯಿ ಅಷ್ಟು ತಿಂಗಳು ಶೋಕಿಗೆ ಕೀಮೋ ತಗೊಂಡ್ರಾ? ಅತ್ತೆಗೆ ಇದನ್ನ ಓದಿ ಹೇಳಿ.

ಕಷಾಯ ಇವತ್ತೇ ನಿಲ್ಲಿಸಿ. ಮೂರು ವಾರದ ಸೈಕಲ್ ಅಂದ್ರೆ ಡ್ರಿಪ್ ಜೊತೆ ಮನೇಲಿ ನುಂಗೋ ಮಾತ್ರೆನೂ ಕೊಟ್ಟಿರಬೇಕು. ಫ್ರಿಜ್ ಬಾಗಿಲು ಮುಟ್ಟಿದರೆ ಅಮ್ಮಂಗೆ ಬೆರಳು ಜುಮ್ ಅನ್ನುತ್ತಾ? ತಣ್ಣೀರು ಕುಡಿದರೆ ಗಂಟಲು ಹಿಡಿದಂಗಾಗುತ್ತಾ? ಅದು ಡ್ರಿಪ್‌ನಲ್ಲಿ ಕೊಡೋ ಆಕ್ಸಾಲಿಪ್ಲಾಟಿನ್ ಅನ್ನೋ ಕೀಮೋ ಔಷಧಿಯಿಂದ, ಹೆದರಬೇಡಿ, ನಿಮ್ಮ ವೈದ್ಯರಿಗೆ ಹೇಳಿ. ಜ್ವರ ಇದೆಯಾ? ಭೇದಿ? ಇವೆರಡಕ್ಕೆ ಉತ್ತರ ಕೊಡಿ.

ಸಾಗರದವ: ಕ್ಷಮಿಸಿ ಡಾಕ್ಟ್ರೇ, ಲಕ್ಷ್ಮಣ ಫಲ ಕೀಮೋಗಿಂತ 10,000 ಪಟ್ಟು ಪರಿಣಾಮಕಾರಿ ಅಂತ ಅಮೆರಿಕದವರೇ ಹೇಳಿದಾರೆ. ಕಂಪನಿಗಳು ಮುಚ್ಚಿಡ್ತಾವೆ. ಫಾರ್ವರ್ಡ್ ಹಾಕಿದ್ದೇನೆ, ಓದಿ.

ಡಾಕ್ಟರ್: ಓದಿದ್ದೀನಿ, ವರ್ಷಗಳಿಂದ ಓದ್ತಿದ್ದೀನಿ. ಆ 10,000 ಪ್ರಯೋಗಾಲಯದ ತಟ್ಟೆಯ ಲೆಕ್ಕ. ಮನುಷ್ಯರ ಕ್ಯಾನ್ಸರ್ ವಾಸಿ ಮಾಡಿದ್ದಕ್ಕೆ ಪುರಾವೆ ಇಲ್ಲ. ಕೆರಿಬಿಯನ್ ದ್ವೀಪ ಗ್ವಾಡಲೂಪ್‌ನಲ್ಲಿ ಈ ಜಾತಿಯ ಹಣ್ಣು, ಎಲೆ ಕಷಾಯ ಬಳಸುವವರಲ್ಲಿ ಪಾರ್ಕಿನ್ಸನ್ ಥರದ ನರರೋಗ ಹೆಚ್ಚು ಕಂಡಿದೆ. ಅದನ್ನ ಯಾಕೆ ಫಾರ್ವರ್ಡ್ ಮಾಡಲ್ಲ?

ಸಾಗರದವ: ಹಾಗಾದರೆ ರಾಜ ಚಾರ್ಲ್ಸ್ ಕ್ಯಾನ್ಸರ್ ಇಟ್ಕೊಂಡು ವೈಟ್‌ಫೀಲ್ಡ್‌ಗೆ ಯಾಕೆ ಬಂದದ್ದು? ಆಯುರ್ವೇದಕ್ಕೇ ಅಲ್ದಾ?

ಮಲ್ಲೇಶ್ವರಂ ಅತ್ತೆ: ಹೌದು, 2024ರ ಅಕ್ಟೋಬರ್‌ನಲ್ಲಿ ಅಲ್ಲಿನ ಸೌಖ್ಯ ಆಯುರ್ವೇದ ಕೇಂದ್ರಕ್ಕೆ ಬಂದಿದ್ರು. ನಮ್ಮ ಡ್ರೈವರ್ ಟ್ರಾಫಿಕ್‌ನಲ್ಲಿ ಸಿಕ್ಕೊಂಡಿದ್ದ.

ಡಾಕ್ಟರ್: ಪೆಸಿಫಿಕ್ ದ್ವೀಪ ಸಮೋವಾದಿಂದ ವಾಪಸ್ ಹೋಗ್ತಾ ಕೆಲವು ದಿನ ತಂಗಿದ್ದು ನಿಜ. ಆ ಪ್ರವಾಸಕ್ಕೋಸ್ಕರ ಕ್ಯಾನ್ಸರ್ ಚಿಕಿತ್ಸೆಗೆ ವಿರಾಮ ಕೊಟ್ಟಿದ್ದು, ಬಿಟ್ಟಿದ್ದಲ್ಲ. ಇದೇ ಚಾರ್ಲ್ಸ್ 2004ರಲ್ಲಿ ಗರ್ಸನ್ ಪದ್ಧತಿಯನ್ನ, ಅಂದ್ರೆ ಹಣ್ಣಿನ ರಸ ಮತ್ತು ಕಾಫಿ ಎನಿಮಾವನ್ನ, ಹೊಗಳಿ ವೈದ್ಯರಿಂದ ಚೆನ್ನಾಗಿ ಅನ್ನಿಸ್ಕೊಂಡಿದ್ದರು. ಎಣ್ಣೆ ಹಚ್ಚಿಸ್ಕೊಳ್ಳಿ, ಯೋಗ ಮಾಡಿ, ಬೇಡ ಅನ್ನಲ್ಲ. ಚಿಕಿತ್ಸೆ ಬಿಡಿ ಅಂತ ಯಾರಿಗೂ ಹೇಳಬೇಡಿ.

ಸಾಗರದವ: ಅಲೋಪತಿ ಅಹಂಕಾರ.

ರೀಡಿಂಗ್ ರಾಯರು: ನಿಮ್ಮ ತೋಟದಲ್ಲಿ ಎಷ್ಟು ಲಕ್ಷ್ಮಣ ಫಲದ ಗಿಡ ಇವೆ ಸ್ವಾಮಿ? ಕೊರಿಯರ್‌ಗೆ ಎಷ್ಟು ತಗೋತೀರಿ?

ಸಾಗರದವ: ಬಾಯಿಗೆ ಬಂದಂಗೆ ಮಾತಾಡಬೇಡಿ.

ಧಾರವಾಡ ಅಕ್ಕ: ಕೇಟ್‌ಗೆ ಯಾವ ಕ್ಯಾನ್ಸರ್ರಿ ಆಗಿದ್ದು?

ಡಾಕ್ಟರ್: ಮೇಲೆ ಓದಿ.

ತುಮಕೂರು ವೀಕ್ಷಕ: ಮೇಡಂ, ಪಿಎಸ್‌ಎ ಬಗ್ಗೆ ಕೇಳಿದ್ದೆ.

ಡಾಕ್ಟರ್: ದಾವಣಗೆರೆಯವರೇ, ಜ್ವರದ ಬಗ್ಗೆ ಕೇಳಿದ್ದೆ.

ದಾವಣಗೆರೆ ಮಗಳು: ಕಷಾಯ ಕಾಯಿಸೋ ಪಾತ್ರೆಗೆ ಅತ್ತೆ ಜೊತೆ ಜಗಳ ಆಗ್ತಿತ್ತು ಮೇಡಂ. ಬೆರಳು ಜುಮ್ ಅನ್ನುತ್ತೆ. ಭೇದಿ ಇಲ್ಲ. ನಿನ್ನೆ ರಾತ್ರಿ 101 ಇತ್ತು, ಡೋಲೊ ಕೊಟ್ವಿ, ಇಳೀತು. ಈಗ ಮತ್ತೆ ಚಳಿ ಅಂತ ಕಂಬಳಿ ಹೊದ್ದು ಮಲಗಿದ್ದಾರೆ.

ಡಾಕ್ಟರ್: ಈಗಲೇ ಹೊರಡಿ. ಕೀಮೋ ಆಗಿ ಒಂದೆರಡು ವಾರಕ್ಕೆ ಬಿಳಿ ರಕ್ತಕಣ ಕೆಳಗೆ ಬಿದ್ದಿರುತ್ತೆ. ಆ ಹೊತ್ತಲ್ಲಿ 100.4 ದಾಟಿದ ಜ್ವರ ತುರ್ತು. ಡೋಲೊ ಜ್ವರದ ಅಂಕೆ ಇಳಿಸುತ್ತೆ, ಸೋಂಕು ಹಾಗೇ ಇರುತ್ತೆ, ಬೆಳಿಗ್ಗೆ ಹೊತ್ತಿಗೆ ಬಿ.ಪಿ. ಕುಸಿಯಬಹುದು. ಕೀಮೋ ಕೊಟ್ಟ ಆಸ್ಪತ್ರೆಗೆ ಫೋನ್ ಮಾಡಿ, ದೂರ ಆದರೆ ಹತ್ತಿರದ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ. ಬಾಗಿಲಲ್ಲೇ ‘ಕೀಮೋ ಪೇಷಂಟ್, ಹತ್ತನೇ ದಿನ, ಜ್ವರ’ ಅನ್ನಿ, ಕ್ಯೂನಲ್ಲಿ ಕೂರಬೇಡಿ. ಸಿಬಿಸಿ (ರಕ್ತಕಣಗಳ ಎಣಿಕೆ), ಬ್ಲಡ್ ಕಲ್ಚರ್ (ರಕ್ತದಲ್ಲಿ ಸೋಂಕಿದೆಯಾ ಅನ್ನೋ ಪರೀಕ್ಷೆ) ತಗೊಂಡು ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ಡ್ರಿಪ್ ಶುರುವಾಗಬೇಕು. ಕೀಮೋ ಮಾತ್ರೆ ಇವತ್ತು ರಾತ್ರಿ ಕೊಡಬೇಡಿ, ಚೀಟಿ ಸಮೇತ ತಗೊಂಡು ಹೋಗಿ. ಕಷಾಯ ಕುಡಿದದ್ದನ್ನೂ ಮುಚ್ಚಿಡದೆ ಹೇಳಿ.

ಸಾಗರದವ: ಜ್ವರಕ್ಕೆ ಅಮೃತಬಳ್ಳಿ

ಅಡ್ಮಿನ್: ಸಾಗರದವರನ್ನು ಒಂದು ವಾರ ಮ್ಯೂಟ್ ಮಾಡಿದ್ದೀನಿ.

ಬೆಳಗಾವಿ ಹುಡುಗ: ಇದು ಸರಿ ಅಲ್ರಿ ಅಡ್ಮಿನ್. ಮಾತಾಡೂದು ಎಲ್ಲಾರ ಹಕ್ಕು.

ಅಡ್ಮಿನ್: ನಿಮಗೂ ಬೇಕಾ?

ದಾವಣಗೆರೆ ಮಗಳು (ಮರುದಿನ ಮಧ್ಯಾಹ್ನ): ಅಡ್ಮಿಟ್ ಮಾಡ್ಕೊಂಡಿದ್ದಾರೆ ಮೇಡಂ. ಸೋಂಕು ತಡೆಯೋ ಬಿಳಿ ರಕ್ತಕಣ, ನ್ಯೂಟ್ರೋಫಿಲ್, ಬರೀ 400 ಅಂದ್ರು. ಡ್ರಿಪ್ ನಡೀತಿದೆ, ಬೆಳಿಗ್ಗೆ ಎರಡು ಇಡ್ಲಿ ತಿಂದ್ರು. ಮುಂದಿನ ಕೀಮೋ ತಡ ಆಗಬಹುದಂತೆ.

ಡಾಕ್ಟರ್: ಆಗುತ್ತೆ. ಕೌಂಟ್ ಏರೋವರೆಗೆ ಮುಂದೂಡ್ತಾರೆ, ಡೋಸ್ ಕಡಿಮೆ ಮಾಡಬಹುದು. ಅದನ್ನ ನೋಡಿ ‘ಕೀಮೋ ಆಗಿಬರಲಿಲ್ಲ’ ಅಂತ ಅತ್ತೆ ಶುರು ಮಾಡಿದರೆ ಅವರನ್ನೇ ವಾರ್ಡ್ ಡಾಕ್ಟರ್ ಹತ್ತಿರ ಕರ್ಕೊಂಡು ಹೋಗಿ ಕೂರಿಸಿ.